ಓದುವ ಅಕ್ಷರ, ನೋಡುವ ಅಕ್ಷರ

ವಿದ್ಯಾರ್ಥಿನಿಯರೇ, ಈ ಸಾಲನ್ನು ಓದುವಾಗ ನೀವು ಏನನ್ನು ಕಾಣುತ್ತೀರಿ? "ಅಕ್ಷರಗಳನ್ನು ಕಾಣುತ್ತೇವೆ" ಎಂದು ಕೂಡಲೇ ಉತ್ತರ ಕೊಡುವಿರಿ. ಹಾಗಾದರೆ ಪುಸ್ತಕವನ್ನು ಮುಚ್ಚಿರಿ. ಈಗ ಓದಿದ 'ಅಕ್ಷರ' ಎಂಬ ಮಾತಿನಲ್ಲಿ 'ಕ್ಷ'ದ ಬಾಲವು ಯಾವ ಕಡೆಗೆ ತಿರುಗಿತ್ತು, ಅದರ ತಲಕಟ್ಟು ದಪ್ಪವಾಗಿತ್ತೋ ತೆಳುವಾಗಿತ್ತೋ ಎಂದು ಕೇಳಿದರೆ ನಿಮ್ಮಲ್ಲಿ ಬಹುಮಂದಿ ತಡವರಿಸುವಿರಿ. ಇದು ನಿಮ್ಮ ತಪ್ಪಲ್ಲ. ಕಿಟಕಿಯ ಗಾಜಿನೊಳಗಿಂದ ಅಂಗಳವನ್ನು ನೋಡುವವರು ಗಾಜನ್ನು ನೋಡುವದಿಲ್ಲ. ಅದರಂತೆಯೇ ಓದಲು ಕಲಿತ ಕಣ್ಣು ಅಕ್ಷರವನ್ನು ದಾಟಿ ಅರ್ಥಕ್ಕೆ ಓಡುವದು. ಅಕ್ಷರ ಕಲಿಯದ ಮಗುವು ಮಾತ್ರ ಅದನ್ನು ಚಿತ್ರವೆಂದು ತಿಳಿದು ಬೆರಳಿನಿಂದ ತಡವಿ ನೋಡುವದು.

ಚಿತ್ರಕಾರರಲ್ಲಿ ಕೆಲವರು ಈ ಮಗುವಿನ ಕಣ್ಣನ್ನು ಮರಳಿ ಸಂಪಾದಿಸಿಕೊಂಡಿರುತ್ತಾರೆ. ಅವರು ಮರದ ಹಲಗೆ, ತಾಮ್ರದ ತಗಡು, ಕಲ್ಲು ಅಥವಾ ರೇಷ್ಮೆಯ ಪರದೆಯಿಂದ ಅಚ್ಚು ತೆಗೆಯುವಾಗ ಗಿಡ, ಮನೆ, ಮನುಷ್ಯರ ಮುಖ ಇವುಗಳನ್ನು ಬಿಟ್ಟು, ಬರೆದ ಮಾತನ್ನೇ ಚಿತ್ರದ ವಿಷಯವನ್ನಾಗಿ ಇಟ್ಟುಕೊಳ್ಳುತ್ತಾರೆ. ಈ ವರ್ಷ ಒಂಬತ್ತನೆಯ ತರಗತಿಯ ಚಿತ್ರಕಲೆಯ ಪಾಠಕ್ಕೆ ನಾವು ಇದೇ ವಿಷಯವನ್ನು ಆರಿಸಿಕೊಂಡೆವು. ಆ ಪಾಠದಲ್ಲಿ ಹುಡುಗಿಯರು ಕಲಿತದ್ದುಂಟು, ನಾವು ಕಲಿತದ್ದೂ ಉಂಟು. ಎರಡನ್ನೂ ಇಲ್ಲಿ ಬರೆಯುತ್ತೇವೆ.

ಪವಿತ್ರ ಗ್ರಂಥವನ್ನು ದಿನವೂ ಓದುವ ನಮಗೆ ಇದರ ಉದಾಹರಣೆಯು ದೂರದಲ್ಲಿರಲಿಲ್ಲ. ಅಪೊಸ್ತಲನಾದ ಪೌಲನು ತನ್ನ ಪತ್ರಿಕೆಗಳನ್ನು ಲೇಖಕನ ಕೈಯಿಂದ ಬರೆಯಿಸುತ್ತಿದ್ದನು. ಆದರೆ ಗಲಾತ್ಯದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ತಾನೇ ಲೇಖನಿಯನ್ನು ಹಿಡಿದು, ತನ್ನ ಕೈಯ ಅಕ್ಷರಗಳು ಎಷ್ಟು ದೊಡ್ಡವು ನೋಡಿರಿ ಎಂಬ ಅರ್ಥದ ಮಾತನ್ನು ಸೇರಿಸಿದನು. ಉಪದೇಶವೆಲ್ಲ ಮುಗಿದ ಮೇಲೆ ಅಕ್ಷರದ ಗಾತ್ರವನ್ನೇಕೆ ತೋರಿಸಬೇಕು? ಅವನ ಕಣ್ಣು ಮಂದವಾಗಿತ್ತೆಂದು ಕೆಲವರು, ಒತ್ತಿ ಹೇಳುವದಕ್ಕಾಗಿ ಹಾಗೆ ಬರೆದನೆಂದು ಕೆಲವರು ವಿವರಿಸುತ್ತಾರೆ. ಹೇಗಾದರೂ ಇರಲಿ, ಆ ಒಂದು ಸಾಲಿನಲ್ಲಿ ಓದುವವರ ಕಣ್ಣು ಅರ್ಥವನ್ನು ಬಿಟ್ಟು ಕೈಯ ಗುರುತಿನ ಮೇಲೆ ನಿಲ್ಲುವದು.

ನಮ್ಮ ಸಾಲೆಗೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳಿಂದ ಹುಡುಗಿಯರು ಬರುತ್ತಾರೆ. ಅಕ್ಷರವನ್ನು ನೋಡಲು ಇದಕ್ಕಿಂತ ಒಳ್ಳೆಯ ಸೀಮೆ ಬೇಕಿಲ್ಲ. ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಹೋದವರು ಮೇಲ್ಛಾವಣಿಯ ದೊಡ್ಡ ಕಮಲವನ್ನು ನೋಡಿ ಬೆರಗಾಗಿ ಹೊರಗೆ ಬರುತ್ತಾರೆ. ಆವರಣದ ಶಾಸನಗಳ ಮುಂದೆ ನಿಲ್ಲುವವರು ಕಡಿಮೆ. ಶಿಗ್ಗಾಂವಿ ತಾಲೂಕಿನ ಬಂಕಾಪುರದಲ್ಲಿ ಅರವತ್ತು ಕಂಬದ ಗುಡಿಯೆಂದು ಜನರು ಕರೆಯುವ ನಗರೇಶ್ವರ ದೇವಾಲಯವಿದೆ. ಹಿರೇಕೆರೂರು ತಾಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಪ್ರಸಿದ್ಧ ಶಾಸನವಿದೆ. ಅಬಲೂರಿನ ಶಾಸನಗಳನ್ನು ಜೆ. ಎಫ್. ಫ್ಲೀಟರು 'ಎಪಿಗ್ರಾಫಿಯಾ ಇಂಡಿಕಾ' ಎಂಬ ಗ್ರಂಥಮಾಲೆಯ ೫ನೆಯ ಸಂಪುಟದಲ್ಲಿ ಪ್ರಕಟಿಸಿದರು.

ಇಂಥ ಬರಹವನ್ನು ಊರಿಂದೂರಿಗೆ ಒಯ್ಯುವದು ಹೇಗೆ? ಕಲ್ಲನ್ನಂತೂ ಹೊತ್ತೊಯ್ಯಲಾಗದು. ಅದಕ್ಕಾಗಿ ಶಾಸನಶಾಸ್ತ್ರಜ್ಞರು ಪಡಿಯಚ್ಚು ತೆಗೆಯುತ್ತಾರೆ. ಮೊದಲು ಕಲ್ಲನ್ನು ನೀರಿನಿಂದಲೂ ಕುಂಚದಿಂದಲೂ ತೊಳೆದು, ಹಸಿಯ ಕಾಗದವನ್ನು ಅದರ ಮೇಲೆ ಹರವುವರು. ಬಿರುಸಾದ ಕುಂಚದಿಂದ ಮೆಲ್ಲಗೆ ಬಡಿಯುತ್ತ ಬಂದರೆ ಕಾಗದವು ಅಕ್ಷರದ ತಗ್ಗುಗಳೊಳಗೆ ಇಳಿದು ಕೂಡುವದು. ಅರೆ ಒಣಗಿದ ಮೇಲೆ ಬಟ್ಟೆಯ ಉಂಡೆಗೆ ಮಸಿಯನ್ನು ಹಚ್ಚಿ ಹಗುರಾಗಿ ತಟ್ಟುವರು. ಉಬ್ಬಿದ ಭಾಗವೆಲ್ಲ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರಗಳು ಬೆಳ್ಳಗೆ ಉಳಿಯುವವು. ಕಲ್ಲಿಗೆ ತಗಲಿದ ಮಗ್ಗುಲಿಗೆ ಮಸಿ ಹಚ್ಚದೆ ಹೊರಮಗ್ಗುಲಿಗೇ ಹಚ್ಚುವದರಿಂದ ಬರಹವು ತಿರುವುಮುರುವಾಗುವದಿಲ್ಲ. ನೆಟ್ಟಗೆ ಓದಲು ಬರುವದು. ಮುಂದೆ ಹೇಳುವ ಅಚ್ಚುಗಳಲ್ಲಿ ಬಹಳಷ್ಟಕ್ಕೆ ಈ ಭಾಗ್ಯವಿಲ್ಲ. ವಿದ್ವಾಂಸನು ಪಡಿಯಚ್ಚಿನಲ್ಲಿ ರಾಜನ ಹೆಸರನ್ನೂ ದಾನದ ತಿಥಿಯನ್ನೂ ಹುಡುಕುವನು. ನಮ್ಮ ಹುಡುಗಿಯರು ಒಂದು ಪಡಿಯಚ್ಚಿನ ಚಿತ್ರವನ್ನು ಗೋಡೆಗೆ ತೂಗಹಾಕಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದರು. "ಜೋಳದ ಹೊಲದಾಗ ಸಾಲು ಹಿಡದಂಗ ಐತ್ರಿ ಬಾಯೋರೇ" ಎಂದು ಹಿರೇಕೆರೂರು ಕಡೆಯ ಒಬ್ಬಳು ಹೇಳಿದಳು. ಆ ಮಾತು ನಮಗೆ ಬಹಳ ಹಿಡಿಸಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಸಂರಕ್ಷಿತ ಸ್ಮಾರಕಗಳ ಕಲ್ಲಿಗೆ ಅಪ್ಪಣೆಯಿಲ್ಲದೆ ಮಸಿಯನ್ನಾಗಲಿ ಕಾಗದವನ್ನಾಗಲಿ ಹಚ್ಚಕೂಡದು. ಅಕ್ಷರ ಕಾಣಲೆಂದು ಖಡುವಿನಿಂದ ತೀಡುವದೂ ಕೆಟ್ಟ ರೂಢಿಯೇ. ಅದಕ್ಕಾಗಿ ನಾವು ಹುಡುಗಿಯರಿಗೆ, "ನಿಮ್ಮ ಮನೆಯ ಶಾಸನಗಳನ್ನು ತನ್ನಿರಿ" ಎಂದೆವು. ಮೊದಲು ನಕ್ಕರು. ಆಮೇಲೆ ತಂಬಿಗೆ, ಗಂಗಾಳ, ಹಿತ್ತಾಳಿಯ ಡಬ್ಬಿ ಬಂದವು. ನಮ್ಮ ಕಡೆ ಲಗ್ನದಲ್ಲಿ ಕೊಟ್ಟ ಪಾತ್ರೆಯ ಮೇಲೆ ಹೆಸರು ಹಾಕಿಸುವ ಪದ್ಧತಿಯನ್ನು ನೀವು ಬಲ್ಲಿರಿ. ಹಳೆಯ ಪಾತ್ರೆಗಳಲ್ಲಿ ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಬಡಿದ ಅಕ್ಷರ. ಹೊಸವುಗಳಲ್ಲಿ ಗುಂಯ್‌ಗುಡುವ ಯಂತ್ರದಿಂದ ಕೊರೆದದ್ದು. ಅದರ ಮೇಲೆ ತೆಳುವಾದ ಕಾಗದವನ್ನು ಬಿಗಿಹಿಡಿದು ಸೀಸದ ಕಡ್ಡಿಯ ಮಗ್ಗುಲಿನಿಂದ ತಿಕ್ಕಿದರೆ, ಪಡಿಯಚ್ಚಿನ ಹಾಗೆಯೇ ಬಿಳಿಯ ಅಕ್ಷರಗಳು ಏಳುವವು. ಒಂದು ತಂಬಿಗೆಯ ಮೇಲೆ ಅಜ್ಜಿಯ ಹೆಸರು, ತವರೂರು, ವರ್ಷ ಮೂರೂ ಇದ್ದವು. ಆ ಅಜ್ಜಿಗೆ ಓದು ಬರುತ್ತಿರಲಿಲ್ಲ. ತನ್ನ ಹೆಸರಿನ ರೂಪವನ್ನು ಅವಳು ಜೀವಮಾನವೆಲ್ಲ ಬೆರಳಿನಿಂದ ಬೆಳಗಿದಳೇ ಹೊರತು ಓದಲಿಲ್ಲ. ಪಾತ್ರೆ ಅದಲುಬದಲಾದಾಗ ಮಾತ್ರ ತನ್ನದನ್ನು ತಟ್ಟನೆ ಗುರುತಿಸುತ್ತಿದ್ದಳಂತೆ. ಅಕ್ಷರವನ್ನು ನೋಡುವದೆಂದರೆ ಏನೆಂದು ಅವಳಿಗೆ ನಾವು ಹೇಳಿಕೊಡಬೇಕಾಗಿರಲಿಲ್ಲ.

ಇನ್ನು ಅಚ್ಚಿನ ಕಥೆಗೆ ಬರೋಣ. ಕನ್ನಡದ ಮೊಳೆಗಳಿಂದ ಪುಸ್ತಕವು ಅಚ್ಚಾದದ್ದು ಬಂಗಾಲದ ಸೀರಾಂಪುರದಲ್ಲಿ. ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ೧೮೧೭ರಲ್ಲಿ ಅಲ್ಲಿಂದ ಹೊರಟಿತು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ೧೮೪೧ರಲ್ಲಿ ಅಚ್ಚುಕೂಟವನ್ನು ಸ್ಥಾಪಿಸಿದಾಗ ಮೊಳೆಗಳನ್ನಲ್ಲ, ಕಲ್ಲಚ್ಚನ್ನು ಉಪಯೋಗಿಸಿದರು. ಹರ್ಮನ್ ಮೋಗ್ಲಿಂಗರು ೧೮೪೩ನೆಯ ಜುಲೈ ೧ರಂದು ಹೊರಡಿಸಿದ 'ಮಂಗಳೂರ ಸಮಾಚಾರ'ವು ಕಲ್ಲಚ್ಚಿನಲ್ಲಿಯೇ ಅಚ್ಚಾಯಿತು.

ಕಲ್ಲಚ್ಚನ್ನು ಕಂಡುಹಿಡಿದವನು ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್. ೧೭೯೬ರಲ್ಲಿ ಒಂದು ದಿನ ಅವನ ತಾಯಿಗೆ ಅಗಸಗಿತ್ತಿಗೆ ಕೊಡುವ ಬಟ್ಟೆಗಳ ಲೆಕ್ಕವನ್ನು ಬರೆದಿಡಬೇಕಾಗಿತ್ತು, ಕೈಯಲ್ಲಿ ಕಾಗದವಿರಲಿಲ್ಲ. ಅವನು ಎದುರಿಗಿದ್ದ ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದನು. ಆ ಬರಹದ ಅಚ್ಚು ತೆಗೆಯಬಹುದೇ ಎಂಬ ಯೋಚನೆಯು ಅಲ್ಲಿಂದ ಹುಟ್ಟಿತೆಂದು ಅವನೇ ಹೇಳಿದ್ದಾನೆ. ಎರಡು ವರ್ಷಗಳಲ್ಲಿ ವಿದ್ಯೆಯು ಪೂರ್ಣವಾಯಿತು. ಅದರ ತತ್ವವು ಅಡಿಗೆ ಮಾಡುವವರಿಗೆಲ್ಲ ತಿಳಿದದ್ದೇ: ಎಣ್ಣೆಯೂ ನೀರೂ ಕೂಡುವದಿಲ್ಲ. ಜಿಡ್ಡಿನಿಂದ ಬರೆದ ಕಲ್ಲಿಗೆ ನೀರು ಸವರಿದರೆ ಬರಹವಿಲ್ಲದ ಕಡೆ ಮಾತ್ರ ನೀರು ನಿಲ್ಲುವದು. ಮೇಲೆ ಎಣ್ಣೆಮಸಿಯನ್ನು ಉರುಳಿಸಿದರೆ ಬರಹವಿದ್ದ ಕಡೆ ಮಾತ್ರ ಮಸಿ ಹಿಡಿಯುವದು. ಆದಕಾರಣ ಕಲ್ಲಚ್ಚಿನ ಪುಟದಲ್ಲಿ ಒಬ್ಬ ಮನುಷ್ಯನ ಕೈಬರಹವೇ ಅಚ್ಚಾಗುವದು. ಒಂದು 'ಕ' ಮತ್ತೊಂದು 'ಕ'ದ ಹಾಗಿರುವದಿಲ್ಲ. ಸಾಲಿನ ಕೊನೆಗೆ ಸ್ಥಳ ಸಾಲದಾದರೆ ಅಕ್ಷರಗಳು ಮೈ ಕುಗ್ಗಿಸಿಕೊಂಡು ನಿಲ್ಲುವವು.

ಮುಂದೆ ಸೀಸದ ಮೊಳೆಗಳು ಬಂದವು. ಕನ್ನಡವು ಮೊಳೆ ಎರಕ ಹೊಯ್ಯುವವರಿಗೆ ಸುಲಭವಾದ ಲಿಪಿಯಲ್ಲ. ತಲಕಟ್ಟು, ಗುಡಿಸು, ಕೊಂಬು, ಏತ್ವ, ದೀರ್ಘ, ಮೇಲಾಗಿ ಸಾಲಿನ ಕೆಳಗೆ ಇಳಿಯುವ ಒತ್ತುಗಳು! ಇಪ್ಪತ್ತಾರು ಅಕ್ಷರಗಳ ಇಂಗ್ಲಿಷಿನಂತೆ ಒಂದರ ಪಕ್ಕಕ್ಕೆ ಒಂದನ್ನು ಇಟ್ಟರೆ ಸಾಲದು. ಈ ಎಲ್ಲ ತೊಡಕುಗಳ ನಡುವೆ ಮಂಗಳೂರಿನಲ್ಲಿ ೧೮೯೪ರಲ್ಲಿ ಕಿಟ್ಟೆಲರ ನಿಘಂಟು ಮೊಳೆ ಮೊಳೆಯಾಗಿ ಜೋಡಿಸಲ್ಪಟ್ಟಿತು. ಅದರ ಯಾವ ಪುಟವನ್ನು ತೆರೆದರೂ ಕನ್ನಡದ ದುಂಡು ಅಕ್ಷರಗಳೂ ಇಂಗ್ಲಿಷಿನ ನೆಟ್ಟನೆಯ ಅಕ್ಷರಗಳೂ ಒಂದೇ ಸಾಲಿನಲ್ಲಿ ತೋಳು ಹಿಡಿದು ನಡೆಯುವದನ್ನು ಕಾಣುವಿರಿ. ಶಬ್ದಾರ್ಥ ಹುಡುಕುವ ಗಡಿಬಿಡಿಯಲ್ಲಿ ನಾವೂ ಅದನ್ನು ಎಷ್ಟೋ ವರ್ಷ ನೋಡಿರಲಿಲ್ಲ.

ಇಷ್ಟರ ಮಟ್ಟಿಗೆ ಅಚ್ಚು ಎಂಬದು ಓದುವದಕ್ಕಾಗಿ. ಅಚ್ಚನ್ನೇ ಕಲೆಯನ್ನಾಗಿ ಮಾಡಿಕೊಂಡವರ ವಿಷಯವು ಬೇರೆ. ಅವರು ಹಲಗೆಯನ್ನೋ ತಗಡನ್ನೋ ತಾವೇ ಕೆತ್ತಿ, ಎಣಿಸಿದಷ್ಟೇ ಪ್ರತಿಗಳನ್ನು ತೆಗೆದು, ಸೀಸದ ಕಡ್ಡಿಯಿಂದ ಪ್ರತಿಯ ಅಂಕೆಯನ್ನೂ ತಮ್ಮ ಹೆಸರನ್ನೂ ಬರೆಯುತ್ತಾರೆ. ನಾವು ಪಾಠದಲ್ಲಿ ಮೂವರ ವಿಷಯ ಹೇಳಿದೆವು.

ಮೊದಲನೆಯವನು ಲಂಡನ್ನಿನ ವಿಲಿಯಂ ಬ್ಲೇಕ್. ಇವನು ಕವಿ, ಚಿತ್ರಗಾರ, ತಾಮ್ರದ ತಗಡನ್ನು ಕೆತ್ತುವ ಕಸಬಿನವನು. ಆ ಕಾಲದಲ್ಲಿ ಕವಿತೆಯನ್ನು ಮೊಳೆ ಜೋಡಿಸುವವರು ಒಂದು ಕಡೆ, ಚಿತ್ರವನ್ನು ಕೆತ್ತುವವರು ಇನ್ನೊಂದು ಕಡೆ ಅಚ್ಚು ಮಾಡುತ್ತಿದ್ದರು. ಬ್ಲೇಕನಿಗೆ ಈ ಬೇರ್ಪಾಟು ಬೇಡವಾಗಿತ್ತು. ಆಮ್ಲವು ತಿನ್ನಲಾರದ ಅರಗಿನಿಂದ ತಗಡಿನ ಮೇಲೆ ಕವಿತೆಯನ್ನು ಹಿಂದುಮುಂದಾಗಿ ಬರೆದು, ಸುತ್ತಲೂ ಬಳ್ಳಿಯನ್ನು ಎಳೆದು, ತಗಡನ್ನು ಆಮ್ಲದಲ್ಲಿ ಇಡುತ್ತಿದ್ದನು. ಬರೆಯದ ಭಾಗವು ಸವೆದು ಬರಹವೂ ಬಳ್ಳಿಯೂ ಒಟ್ಟಿಗೆ ಉಬ್ಬಿ ನಿಲ್ಲುತ್ತಿದ್ದವು. ೧೭೮೯ರ ಅವನ ಪುಸ್ತಕದಲ್ಲಿ ಅಕ್ಷರದ ಬಾಲವೆಲ್ಲಿ ಮುಗಿಯಿತು, ಬಳ್ಳಿಯ ಕುಡಿಯೆಲ್ಲಿ ಮೊದಲಾಯಿತು ಎಂದು ಹೇಳುವದೇ ಕಷ್ಟ. ಆದರೆ ನಾವು ನಿಮಗೆ ಹೇಳಬೇಕೆಂದಿರುವದು ಅವನ ಪತ್ನಿ ಕ್ಯಾಥರೀನಳ ಸಂಗತಿ. ೧೭೮೨ರಲ್ಲಿ ಅವಳ ಮದುವೆಯಾದಾಗ ಚರ್ಚಿನ ದಾಖಲೆಯಲ್ಲಿ ಹೆಸರು ಬರೆಯಲು ಬಾರದೆ ಅವಳು ಒಂದು ಗೀಟುಗುರುತನ್ನು ಹಾಕಿದಳು. ಗಂಡನು ಅವಳಿಗೆ ಓದುಬರಹವನ್ನು ಕಲಿಸಿದನು. ಆಮೇಲೆ ಆ ಪುಟಗಳನ್ನು ಅಚ್ಚುಹಾಕುವದರಲ್ಲಿಯೂ ಬಣ್ಣ ತುಂಬುವದರಲ್ಲಿಯೂ ಅವಳ ಕೈ ಸೇರಿತು. ನಮ್ಮ ಸಾಲೆಯ ದಾಖಲೆಯ ಪುಸ್ತಕದಲ್ಲಿ ತಾಯಂದಿರ ಸಹಿಯ ಸ್ಥಳದಲ್ಲಿ ಹೆಬ್ಬೆಟ್ಟಿನ ಗುರುತುಗಳನ್ನು ನೋಡುವಾಗಲೆಲ್ಲ ನಮಗೆ ಈಕೆಯ ನೆನಪಾಗುತ್ತದೆ. ಹೆಬ್ಬೆಟ್ಟು ಕೂಡ ಒಂದು ಅಚ್ಚೇ ಅಲ್ಲವೇ? ಅದನ್ನು ಒತ್ತುವಾಗ ಮಗಳು ಮುಖ ತಿರುಗಿಸಿ ನಿಲ್ಲುವದನ್ನು ನಾವು ಕಂಡಿದ್ದೇವೆ. ಹಾಗೆ ನಿಲ್ಲಬೇಡಿರಿ.

ಎರಡನೆಯವಳು ಅಮೇರಿಕೆಯ ಸಿಸ್ಟರ್ ಕೊರಿಟಾ. ೧೯೧೮ರಲ್ಲಿ ಹುಟ್ಟಿದ ಈಕೆಯು ಸಂನ್ಯಾಸಿನಿಯಾಗಿ ಲಾಸ್ ಏಂಜಲ್ಸಿನ ಒಂದು ಮಿಶನ್ ಕಾಲೇಜಿನಲ್ಲಿ ಚಿತ್ರಕಲೆಯನ್ನು ಕಲಿಸುತ್ತಿದ್ದಳು. ನಮ್ಮೂರುಗಳಲ್ಲಿ ಲಗ್ನಪತ್ರಿಕೆಗಳನ್ನು ಅಚ್ಚು ಮಾಡುವ ಸ್ಕ್ರೀನ್ ಪ್ರಿಂಟಿಂಗ್ ಪದ್ಧತಿಯೇ ಅವಳ ಸಾಧನ. ಪೇಟೆಯ ಜಾಹೀರಾತುಗಳ ದೊಡ್ಡ ಅಕ್ಷರಗಳನ್ನು ಹರಿದು, ಮಡಚಿ, ತಲೆಕೆಳಗು ಮಾಡಿ, ಹೊಳೆಯುವ ಬಣ್ಣಗಳಲ್ಲಿ ಅಚ್ಚು ಹಾಕಿ, ಅದರೊಳಗೆ ಸಣ್ಣ ಕೈಬರಹದಲ್ಲಿ ಧ್ಯಾನಯೋಗ್ಯವಾದ ಮಾತುಗಳನ್ನು ಸೇರಿಸುತ್ತಿದ್ದಳು. ೧೯೬೪ರ ಒಂದು ಚಿತ್ರದಲ್ಲಿ ಟೊಮೆಟೊ ಡಬ್ಬಿಯ ಜಾಹೀರಾತಿನ ಮಾತನ್ನು ತಾಯಿ ಮರಿಯಳಿಗೆ ಅನ್ವಯಿಸಿದಳು. ಸಭೆಯ ಹಿರಿಯರಿಗೆ ಅದು ಸರಿಬೀಳಲಿಲ್ಲ. ಮೊದಲು ಕೇಳಿದಾಗ ನಮಗೂ ಸರಿಬೀಳಲಿಲ್ಲ, ಈಗಲೂ ಪೂರ್ಣ ಒಪ್ಪಿಗೆಯಿಲ್ಲ. ಆದರೆ ಅವಳ ಕಲಿಸುವ ರೀತಿಗೆ ಮನಸೋಲದೆ ಇರಲಾಗಲಿಲ್ಲ. ರಟ್ಟಿನ ತುಂಡಿನಲ್ಲಿ ಸಣ್ಣ ಚೌಕಟ್ಟನ್ನು ಕತ್ತರಿಸಿ ಶಿಷ್ಯೆಯರ ಕೈಗೆ ಕೊಟ್ಟು, ಅದರೊಳಗಿಂದ ಮಾತ್ರ ಬೀದಿಯನ್ನು ನೋಡಿರೆಂದು ಹೇಳುತ್ತಿದ್ದಳು. ನಾವೂ ಹಾಗೆಯೇ ಮಾಡಿ ಹುಡುಗಿಯರನ್ನು ಹಾನಗಲ್ಲಿನ ಬಸ್ ನಿಲ್ದಾಣಕ್ಕೆ ಕರೆದೊಯ್ದೆವು. ಫ್ಲೆಕ್ಸಿನ ಫಲಕಗಳು ಎಲ್ಲವೂ ಒಂದೇ ಮುಖದವು. ಚೌಕಟ್ಟಿನೊಳಗೆ ಅವು ಬೇಗ ಬೇಸರ ತಂದವು. ಹಳೆಯ ಅಂಗಡಿಯೊಂದರ ಮೇಲೆ ಬೋರ್ಡು ಬರೆಯುವವನು ಕುಂಚದಿಂದ ಬರೆದ ಹೆಸರು ಅರ್ಧ ಮಾಸಿಹೋಗಿತ್ತು. ಅದರ ಒಂದು ಒತ್ತಕ್ಷರದ ಮುಂದೆ ಹುಡುಗಿಯರು ಕಾಲು ಗಂಟೆ ನಿಂತರು. ಅಂಗಡಿಯವರು ಹೊರಗೆ ಬಂದು, "ಏನ್ ಬೇಕಾಗಿತ್ರಿ ಅಕ್ಕಾರ?" ಎಂದು ಕೇಳಿದರು. ಏನು ಉತ್ತರ ಕೊಡಬೇಕೋ ನಮಗೂ ತಿಳಿಯಲಿಲ್ಲ.

ಮೂರನೆಯವರು ನಮ್ಮ ದೇಶದಲ್ಲಿಯೇ ಹುಟ್ಟಿದವರು. ಝರೀನಾ ಹಾಶ್ಮಿಯವರು ೧೯೩೭ರಲ್ಲಿ ಅಲೀಗಢದಲ್ಲಿ ಜನಿಸಿ, ನಾನಾ ದೇಶಗಳಲ್ಲಿ ಬಾಳಿ, ನ್ಯೂಯಾರ್ಕಿನಲ್ಲಿ ಬಹುಕಾಲವಿದ್ದು, ೨೦೨೦ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ದೇಶವಿಭಜನೆಯ ಕೆಲವು ವರ್ಷಗಳ ಮೇಲೆ ಅವರ ಕುಟುಂಬವು ಪಾಕಿಸ್ತಾನಕ್ಕೆ ಹೋಯಿತು. ಮನೆಯೆಂಬದು ಹಿಂದೆ ಉಳಿಯಿತು. ಅವರ ಪಾಲಿಗೆ ಉಳಿದದ್ದು ಉರ್ದು ಭಾಷೆ. ೧೯೯೯ರಲ್ಲಿ ಅವರು ಮೂವತ್ತಾರು ಮರದಚ್ಚುಗಳ ಒಂದು ಮಾಲೆಯನ್ನು ಮಾಡಿದರು. ಮನೆ, ಹೊಸ್ತಿಲು, ಗಡಿ ಮುಂತಾದ ಒಂದೊಂದು ಮಾತಿಗೆ ಒಂದೊಂದು ಹಾಳೆ. ಕಪ್ಪು ಗೆರೆಗಳ ಸರಳವಾದ ಚಿತ್ರ, ಜೊತೆಗೆ ಆ ಮಾತು ಉರ್ದುವಿನಲ್ಲಿ. ೨೦೦೪ರಲ್ಲಿ ಎಂಟು ಹಾಳೆಗಳ ಇನ್ನೊಂದು ಮಾಲೆಯನ್ನು ಮಾಡಿದರು. ಅವರ ಅಕ್ಕ ರಾಣಿಯವರು ಮನೆತನದ ಸಾವುನೋವುಗಳನ್ನು ಕುರಿತು ಪತ್ರಗಳನ್ನು ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡು, ಬಹು ವರ್ಷಗಳ ಮೇಲೆ ತಂಗಿಯ ಕೈಗೆ ಕೊಟ್ಟಿದ್ದರು. ಆ ಪತ್ರಗಳ ಕೈಬರಹವನ್ನೇ ಝರೀನಾ ಅವರು ಅಚ್ಚಿಗೆ ಇಳಿಸಿ, ಅದರ ಮೇಲೆ ಮನೆಗಳ ನಕಾಶೆಯನ್ನೂ ಊರುಗಳ ನಕಾಶೆಯನ್ನೂ ಒತ್ತಿದರು. ಉರ್ದು ಬಾರದವರು ಅವನ್ನು ಗೆರೆಗಳೆಂದು ನೋಡುವರು. ಬರುವವರು ಗೆರೆಗಳ ಕೆಳಗಿನ ದುಃಖವನ್ನು ಓದುವರು.

ಈ ಪಾಠವಾದ ಮರುದಿನ ಸವಣೂರಿನ ಒಬ್ಬ ಹುಡುಗಿಯು ತನ್ನ ಅಜ್ಜನ ಹಳೆಯ ಪತ್ರವೊಂದನ್ನು ತಂದಳು. ಸವಣೂರು ನವಾಬರು ಆಳಿದ ಊರು. ಅಲ್ಲಿ ಉರ್ದುವೂ ಕನ್ನಡವೂ ಒಂದೇ ಓಣಿಯಲ್ಲಿ ಬೆಳೆದವು. ಮೊದಲಿನಿಂದಲೂ ಕನ್ನಡ ಸಾಲೆಯಲ್ಲಿ ಓದಿದ ಈ ಹುಡುಗಿಗೆ ಉರ್ದು ಮಾತು ಬರುತ್ತದೆ, ಅಕ್ಷರ ಬಾರದು. ಮನೆಯಲ್ಲಿ ಓದಬಲ್ಲವರು ಅವಳ ದಾದಿ ಒಬ್ಬರೇ. ಪತ್ರದ ಮೊದಲಿನ ಮಾತನ್ನು ಲಿನೋಲಿಯಂ ತುಂಡಿನ ಮೇಲೆ ಕೆತ್ತಬೇಕೆಂದು ಅವಳ ಆಸೆ. ತೆಳುವಾದ ಕಾಗದದ ಮೇಲೆ ಬರಹವನ್ನು ತೆಗೆದುಕೊಂಡು, ಕಾಗದವನ್ನು ಮಗುಚಿ ಹಾಕಿ, ಹಿಂದುಮುಂದಾದ ರೂಪವನ್ನು ಲಿನೋಲಿಯಂ ಮೇಲೆ ಇಳಿಸಿಕೊಳ್ಳುವ ಕ್ರಮವನ್ನು ನಾವು ತೋರಿಸಿದೆವು. ಪತ್ರವು ಹಳೆಯದು, ಅಲ್ಲಲ್ಲಿ ಮಸಿಯ ಹನಿಗಳು, ಹುಳದ ಗುರುತುಗಳು. "ಈ ಚುಕ್ಕಿನೂ ಕೆತ್ತಲೇನ್ರಿ ಬಾಯೋರೇ?" ಎಂದು ಅವಳು ಕೇಳಿದಳು. ನಾವು ಕನ್ನಡಕವನ್ನು ಸರಿಮಾಡಿಕೊಂಡು ನೋಡಿ, "ಅವು ಮಸಿ ಸಿಡಿದ ಕಲೆಗಳು, ಬಿಟ್ಟುಬಿಡು, ಗೆರೆಯನ್ನಷ್ಟೇ ಚೊಕ್ಕಟವಾಗಿ ತೆಗೆ" ಎಂದು ಹೇಳಿದೆವು. ಅವಳು ಹಾಗೆಯೇ ಮಾಡಿದಳು. ಕೆಲಸವು ಸೊಗಸಾಗಿತ್ತು. ಹನ್ನೆರಡು ಪ್ರತಿಗಳನ್ನು ತೆಗೆದಳು. ಒಂದನ್ನು ನಾವು ನಮ್ಮ ಕೋಣೆಯಲ್ಲಿ ತೂಗಹಾಕಿದೆವು.

ನಾಲ್ಕು ದಿನಗಳ ಮೇಲೆ ದಾದಿಯವರು ಮೊಮ್ಮಗಳ ಜೊತೆಗೆ ಸಾಲೆಗೆ ಬಂದರು. ಪ್ರತಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮ ಕಡೆಗೆ ತಿರುಗಿ ಸಮಾಧಾನದಿಂದಲೇ ಹೇಳಿದರು: "ಕೈ ಅವರದೇ ಐತ್ರಿ, ಮಾತು ಅವರದಲ್ಲ." ಆ ಮಾತು 'ಖೈರಿಯತ್' ಎಂದು. ನಮ್ಮ ಹಿರಿಯರು ಪತ್ರದ ಮೊದಲಿಗೆ 'ಕ್ಷೇಮ' ಎಂದು ಬರೆಯುವ ಹಾಗೆ. ಅದನ್ನು ಬರೆಯಲು ಏಳು ಚುಕ್ಕೆಗಳು ಬೇಕು. 'ಖ'ಕಾರಕ್ಕೆ ಮೇಲೆ ಒಂದು, 'ಯ'ಕಾರಗಳೆರಡಕ್ಕೆ ಕೆಳಗೆ ಎರಡೆರಡು, 'ತ'ಕಾರಕ್ಕೆ ಮೇಲೆ ಎರಡು. ಉರ್ದುವಿನಲ್ಲಿ ಒಂದೇ ಮೈಯ ಅಕ್ಷರಗಳನ್ನು ಬೇರೆ ಬೇರೆ ಮಾಡುವದೇ ಚುಕ್ಕೆ. ಅದು ಹೋದರೆ ಮಾತೇ ಹೋಯಿತು. ನಾವು ಕಲೆಯೆಂದು ಅಳಿಸಿಹಾಕಿದ್ದು ಆ ಏಳು ಚುಕ್ಕೆಗಳನ್ನು. ಅಕ್ಷರವನ್ನು ಕೇವಲ ನೋಡುವದರ ಗುಣವನ್ನು ಒಂದು ತಿಂಗಳು ಪಾಠ ಹೇಳಿದವರು ನಾವು! ಓದಲು ಬಾರದ ಕಣ್ಣು ಎಷ್ಟು ಸೂಕ್ಷ್ಮವಾಗಿ ನೋಡಿದರೂ ಯಾವದು ಅಕ್ಷರ, ಯಾವದು ಕಲೆ ಎಂಬದನ್ನು ಅರಿಯಲಾರದು ಎಂಬದು ನಮಗೆ ಹೊಳೆದಿರಲಿಲ್ಲ. ಪ್ರಶ್ನೆಯನ್ನು ಹುಡುಗಿಯು ಸರಿಯಾಗಿಯೇ ಕೇಳಿದ್ದಳು. ತಿಳಿಯದು ಎಂದು ಹೇಳಿ ಅವಳನ್ನು ದಾದಿಯ ಬಳಿಗೆ ಕಳಿಸಬೇಕಾಗಿತ್ತು. ಆ ಹಿರಿಯರ ಎದುರಿಗೆ ನಾವು ತಪ್ಪನ್ನು ಒಪ್ಪಿಕೊಂಡೆವು.

ಹೊಸದಾಗಿ ಕೆತ್ತುವದೇ ಸರಿಯೆಂದು ನಾವು ಹೇಳಿದೆವು. ದಾದಿಯವರು ಬೇಡವೆಂದರು. ಮೇಜಿನ ಮೇಲಿದ್ದ ನಮ್ಮ ನೀಲಿ ಮಸಿಯ ಪೆನ್ನನ್ನು ತೆಗೆದುಕೊಂಡು, ಮೊದಲನೆಯ ಪ್ರತಿಯ ಮೇಲೆ ಏಳು ಚುಕ್ಕೆಗಳನ್ನು ತಾವೇ ಇಟ್ಟರು. ಕೈ ಸ್ವಲ್ಪ ನಡುಗುತ್ತಿತ್ತು. ಒಂದು ಚುಕ್ಕೆಯು ಗೆರೆಗೆ ತಾಗಿತು. ಎರಡನೆಯದಕ್ಕೂ ಇಟ್ಟರು. ಹೀಗೆ ಐದು ಪ್ರತಿಗಳಾದ ಮೇಲೆ ಪೆನ್ನನ್ನು ಮೊಮ್ಮಗಳ ಕೈಗೆ ಕೊಟ್ಟು, ಯಾವ ಚುಕ್ಕೆ ಯಾವ ಅಕ್ಷರದ್ದೆಂದು ಒಂದೊಂದಾಗಿ ಹೆಸರು ಹೇಳುತ್ತ ಇಡಿಸಿದರು. ಉಳಿದ ಏಳು ಪ್ರತಿಗಳ ಚುಕ್ಕೆಗಳು ಅವಳವು. ನಮ್ಮ ಕೋಣೆಯಲ್ಲಿ ಈಗ ತೂಗಹಾಕಿರುವದು ಅವುಗಳಲ್ಲೊಂದು. ಹೊಸ ಕಟ್ಟಡದ ಪಡಸಾಲೆಯಲ್ಲಿ ದಾದಿಯವರ ಐದರಲ್ಲಿ ಒಂದಿದೆ. ಗೆರೆಗೆ ತಾಗಿದ ಆ ಮೊದಲನೆಯ ಪ್ರತಿಯನ್ನು ಅವರು ಮನೆಗೆ ತೆಗೆದುಕೊಂಡು ಹೋದರು.